ಗೆರೆ ಇಲ್ಲ ಎಂದು ಬರೆದವಳು

ಮಾರ್ಚ್ 3, ಸೋಮವಾರ

ಔಷಧ ಕಂಪನಿಯವರು ವರ್ಷದ ಮೊದಲಲ್ಲಿ ಹಂಚಿದ ಡೈರಿ ಇದು. ಎರಡು ತಿಂಗಳಿನಿಂದ ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟುಕೊಂಡಿತ್ತು. ಇವತ್ತು ಎಳೆದುಕೊಂಡಿದ್ದೇನೆ, ಮೇಜು ಬೇಕಾದರೆ ಕುಣಿಯಲಿ. ಸಂಜೆ ಆಸ್ಪತ್ರೆಯಿಂದ ಬಂದವಳೇ ಒಂದು ಗಂಟೆ ಕೂಗಾಡಿದೆ. ನಮ್ಮನೆಯವರು ಆಗತಾನೇ ಕನ್ನಡಕದ ಅಂಗಡಿ ಮುಚ್ಚಿ ಬಂದಿದ್ದರು. ಪಾಪ, ಪೂರ್ತಿ ಕೇಳಿದರು. ಆಮೇಲೆ, "ಇದನ್ನೆಲ್ಲ ಬರೆದಿಡು ಕಣೇ. ನನಗೆ ಹೇಳಿದ್ರೆ ಈ ಕಿವೀಲಿ ಬಂದು ಆ ಕಿವೀಲಿ ಹೋಗುತ್ತೆ. ಕಾಗದ ಆದ್ರೆ ಉಳಿಸ್ಕೊಳ್ಳುತ್ತೆ" ಎಂದರು.

ಸರಿ, ಉಳಿಸಿಕೊ ಕಾಗದವೇ. ಹೊಸ ಸಾಹೇಬರು ಸುತ್ತೋಲೆ ಹೊರಡಿಸಿದ್ದಾರೆ: "ಏಪ್ರಿಲ್ 30ರ ನಂತರ ಹಳೆಯ ತಟ್ಟೆ ವಿಧಾನವನ್ನು ನಿಲ್ಲಿಸಲಾಗುವುದು. ಎಲ್ಲ ಪ್ರತಿಕಾಯ ಪರೀಕ್ಷೆಗಳನ್ನು ಹೊಸ ಯಂತ್ರದಲ್ಲಿಯೇ ಮಾಡತಕ್ಕದ್ದು." ಸಾಹೇಬರು ಪ್ರಯೋಗಾಲಯದ ಮುಖ್ಯಸ್ಥರಾಗಿ ಬಂದು ನಾಲ್ಕು ತಿಂಗಳಾಗಿಲ್ಲ, ವಾರ್ಡಿನ ಕ್ಷಯದ ಕೇಸುಗಳಲ್ಲೂ ಕೊನೆಯ ಮಾತು ಅವರದೇ. ನಾನು ಈ ಎದೆರೋಗದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಕೂತಿದ್ದೇನೆ. ನನ್ನ ಕೆಲಸಕ್ಕೆ ಅವರ ಕಾಗದದಲ್ಲಿ "ಹಳೆಯ ವಿಧಾನ" ಎಂಬ ಎರಡೇ ಪದ ಸಿಕ್ಕಿವೆ.

ಹಾಗಾದರೆ ಮಿಕ್ಕದ್ದನ್ನು ನಾನೇ ಬರೆಯುತ್ತೇನೆ. ಅಗಾರ್ ಪುಡಿಯನ್ನು ಕುದಿಸಿ ಗಾಜಿನ ತಟ್ಟೆಗೆ ಸುರಿಯಬೇಕು. ಆರಿ ಜೆಲ್ಲಿಯಂತೆ ಗಟ್ಟಿಯಾದ ಮೇಲೆ ನಡುವೆ ಒಂದು ತೂತು, ಸುತ್ತ ಆರು ತೂತು. ನಡುವಿನದಕ್ಕೆ ಬೂಷ್ಟಿನ ಸಾರ, ಸುತ್ತಲಿನವಕ್ಕೆ ರೋಗಿಗಳ ರಕ್ತದಿಂದ ಬೇರ್ಪಡಿಸಿದ ಸೀರಂ. ಯಾರ ಶ್ವಾಸಕೋಶದಲ್ಲಿ ಆ ಬೂಷ್ಟು ಮನೆ ಮಾಡಿದೆಯೋ ಅವರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಇರುತ್ತದೆ. ಅತ್ತಲಿಂದ ಸಾರ, ಇತ್ತಲಿಂದ ಪ್ರತಿಕಾಯ ಜೆಲ್ಲಿನೊಳಗೆ ಹರಿದು ಬಂದು ಎದುರಾದ ಕಡೆ ಒಂದು ಬಿಳಿ ಗೆರೆ ಬೀಳುತ್ತದೆ. ಎರಡು ದಿನ ಕಾಯಬೇಕು. ಕೂದಲೆಳೆಗಿಂತ ತೆಳುವಾದ ಗೆರೆಯನ್ನೂ ನಾನು ದೀಪಕ್ಕೆ ಹಿಡಿದು ಹೇಳುತ್ತೇನೆ. ಅದಕ್ಕೇ ಮೇಲಿನ ಮಹಡಿಯವರೆಲ್ಲ ನನ್ನನ್ನು ಕರೆಯುವುದು ಗೆರೆಯಮ್ಮ ಎಂದು.

ಇನ್ನೊಂದು ಮಾತೂ ದಾಖಲಾಗಲಿ. ಹಿಂದೆ ಒಬ್ಬ ರೋಗಿಗೆ ಎರಡು ತೂತು ಕೊಡುತ್ತಿದ್ದೆವು. ಒಂದಕ್ಕೆ ಸೀರಂ ಹಾಗೆಯೇ, ಇನ್ನೊಂದಕ್ಕೆ ತೆಳು ಮಾಡಿದ್ದು. ಆರು ವರ್ಷದ ಹಿಂದೆ ಕೆಲಸ ವಿಪರೀತ ಏರಿದಾಗ ತೆಳು ಮಾಡುವುದನ್ನು ನಾನೇ ಕೈಬಿಟ್ಟೆ. ತಟ್ಟೆಗೆ ಮೂರು ಜನ ಇದ್ದದ್ದು ಆರಾಯಿತು. ಆಗಿನ ಮುಖ್ಯಸ್ಥರು ಬೆನ್ನು ತಟ್ಟಿದ್ದರು. ಯಂತ್ರ ತಂದು ವೇಗ ಕಲಿಸಲು ಬಂದಿದ್ದಾರೆ, ಇವರು ನನಗೆ.

ಮಾರ್ಚ್ 5, ಬುಧವಾರ

ಎರಡು ತಟ್ಟೆ ಓದಿದೆ. ಹನ್ನೆರಡು ಜನರಲ್ಲಿ ಮೂವರಿಗೆ ಗೆರೆ. ನಂಬರ್ 49 ಹೆಂಗಸರ ವಾರ್ಡಿನದು. ಚೀಟಿಯಲ್ಲಿ ವಾರ್ಡಿನ ಡಾಕ್ಟರಮ್ಮ ಪುರಾಣವನ್ನೇ ಬರೆದಿದ್ದಾರೆ: ಬಸ್ ಕಂಡಕ್ಟರ್, ಎಂಟು ವರ್ಷದ ಹಿಂದೆ ಕ್ಷಯ ಬಂದು ವಾಸಿಯಾಗಿತ್ತು, ಈಗ ಆರು ತಿಂಗಳಿಂದ ಕೆಮ್ಮು, ಕಫದಲ್ಲಿ ರಕ್ತ, ಕಫ ಮೂರು ಸಲ ನೋಡಿದರೂ ಕ್ಷಯದ ಕ್ರಿಮಿ ಇಲ್ಲ, ಎಕ್ಸ್‌ರೇಯಲ್ಲಿ ಹಳೆಯ ಗಾಯದ ಪೊಟರೆಯೊಳಗೆ ಒಂದು ಉಂಡೆ, ಬೂಷ್ಟು ಇರಬಹುದೇ?

49ಕ್ಕೆ ಗೆರೆ ಇರಲಿಲ್ಲ. ಆ ಕಡೆ ನಡುವಿನ ತೂತಿನ ಅಂಚು ಒಂದಿಷ್ಟು ಮಸುಕಾಗಿತ್ತು, ಸಾರ ಚೆಲ್ಲಿರಬೇಕು. "ಗೆರೆ ಇಲ್ಲ" ಎಂದು ಬರೆದು ಸಹಿ ಹಾಕಿದೆ.

ಮಾರ್ಚ್ 8, ಶನಿವಾರ

49 ಮೆಟ್ಟಿಲಿಳಿದು ಬಂದಿತ್ತು! ರೋಗಿಗಳು ನೆಲಮಾಳಿಗೆಗೆ ಬರುವುದಿಲ್ಲ. ನಮಗೆ ಅವರ ಗುರುತು ಕೊಳವೆಗಳು ಮಾತ್ರ. ನಲವತ್ತರ ಆಸುಪಾಸಿನ, ಒಣಗಿ ಕಡ್ಡಿಯಾದ ಹೆಂಗಸು. ಕೆಮ್ಮಿ ಕೆಮ್ಮಿ ದನಿ ಒಡೆದಿದೆ, ಆದರೂ ತುಂಬಿದ ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವಂಥ ದನಿ.

"ಗೆರೆಯಮ್ಮ ಅಂದ್ರೆ ನೀವೇನಾ? ನನಗೆ ಬೂಷ್ಟು ಇಲ್ಲ ಅಂತ ಬರೆದೋರು?"

"ತಟ್ಟೆ ಹೇಳಿದ್ದು. ನಾನು ಬರೆದೆ."

"ನೀವು ಇಲ್ಲ ಅಂದಿದ್ದಕ್ಕೆ ಮತ್ತೆ ಟಿಬಿ ಅಂತಿದಾರೆ. ಇವತ್ತಿಂದ ಮಾತ್ರೆ, ಜೊತೆಗೆ ದಿನಾ ಇಂಜೆಕ್ಷನ್, ಎರಡು ತಿಂಗಳು. ಹೋದ ಸಲ ಟಿಬಿ ಬಂದಾಗ ಹೇಗಿತ್ತು ಅಂತ ನನಗೆ ಗೊತ್ತು. ಇದು ಅದಲ್ಲ. ನನ್ನ ಮೈ ನನಗೆ ಗೊತ್ತಿಲ್ವಾ?"

"ಮೈಗೆ ಗೊತ್ತಾಗೋ ಹಾಗಿದ್ರೆ ನಾವೆಲ್ಲ ಇಲ್ಲಿ ಯಾಕೆ ಕೂತಿದ್ವಿ?"

"ಇನ್ನೊಂದು ಸಲ ನೋಡಿ."

"ಮೂವತ್ತೊಂದು ವರ್ಷ ನೋಡಿದೀನಮ್ಮ. ಒಂದು ಸಲ ನೋಡಿದ್ರೆ ಸಾಕು."

ನನ್ನ ಮುಖವನ್ನು ದಿಟ್ಟಿಸಿದಳು. ಟಿಕೆಟ್ ತೋರಿಸು ಎಂದು ಕೇಳುವವರು ನೋಡುವ ಹಾಗೆ. ನನಗೆ ಮೈಯೆಲ್ಲ ಉರಿಯಿತು. ಏನು ಧೈರ್ಯ! ಹಿಂದಿನ ಮುಖ್ಯಸ್ಥರು ಕೂಡ ನನ್ನ ಗೆರೆಯನ್ನು ಎರಡನೇ ಸಲ ನೋಡಲು ಹೇಳಿದವರಲ್ಲ.

ಮಾರ್ಚ್ 17, ಸೋಮವಾರ

ಯಂತ್ರ ಬಂತು. ಅದರ ಜೊತೆಗೆ ಅದನ್ನು ನಡೆಸುವವಳೂ ಬಂದಳು. ನನ್ನ ಕಿಟಕಿಯ ಪಕ್ಕದ ಜಾಗ ಇಬ್ಬರಿಗೂ ಹೋಯಿತು. ಚಾವಣಿ ಸೋರುತ್ತಿದೆ, ಶೌಚಾಲಯಕ್ಕೆ ಚಿಲಕವಿಲ್ಲ, ಯಂತ್ರಕ್ಕೆ ಮಾತ್ರ ಎ.ಸಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಗುಂಡಿ ಒತ್ತುವವಳು ಬಹಳ ವಿನಯದಿಂದ, "ಮೇಡಂ, ನಿಮ್ಮ ಹತ್ರ ಕಲಿಯೋದು ತುಂಬಾ ಇದೆ" ಎಂದಳು. ಗುಂಡಿ ಒತ್ತಲು ಯಾರ ಹತ್ತಿರವೂ ಕಲಿಯಬೇಕಿಲ್ಲ ಎಂದೆ.

ಮಾರ್ಚ್ 28, ಶುಕ್ರವಾರ

ಮೆಟ್ಟಿಲ ಮೇಲೆ ಕಂಡಕ್ಟರಮ್ಮ ಸಿಕ್ಕಳು, ಕಂಬಿ ಹಿಡಿದು ನಿಂತಿದ್ದಳು. ತಲೆ ತಿರುಗುತ್ತದಂತೆ. ಎಡಗಿವಿಯಲ್ಲಿ ಯಾರೋ ಹಾರ್ನ್ ಮೇಲಿಂದ ಕೈ ತೆಗೆಯದೆ ಒತ್ತಿಕೊಂಡೇ ಇದ್ದ ಹಾಗೆ ಕೇಳಿಸುತ್ತದಂತೆ.

"ಡಾಕ್ಟರಿಗೆ ಹೇಳಿದ್ರಾ?"

"ಹೇಳಿದೆ. ಆ ಇಂಜೆಕ್ಷನ್ ಕೆಲವರಿಗೆ ಹಾಗೆ ಮಾಡುತ್ತಂತೆ. ಆದ್ರೆ ಮಧ್ಯ ನಿಲ್ಸೋಕಾಗಲ್ಲ ಅಂತ ನಿಮ್ಮ ಸಾಹೇಬ್ರು ಅಂದ್ರಂತೆ. ಕಿವಿ ಹೋದ್ರೆ ಕಂಡಕ್ಟರ್ ಕೆಲಸ ಹೋಯ್ತು ಗೆರೆಯಮ್ಮ. ಸ್ಟಾಪ್ ಕೇಳೋರ ದನಿ ಕೇಳ್ಸಬೇಕಲ್ಲ."

ನನ್ನನ್ನೇಕೆ ನೋಡಿ ಹೇಳಬೇಕು? ಇಂಜೆಕ್ಷನ್ ಕೊಟ್ಟವಳು ನಾನಲ್ಲ. ರಕ್ತ ಇನ್ನೂ ಬೀಳುತ್ತಿದೆಯೇ ಎಂದು ಕೇಳಿದೆ. ಮೊದಲಿಗಿಂತ ಜಾಸ್ತಿ ಎಂದಳು.

ಊಟ ಸೇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಇರಬೇಕು.

ಏಪ್ರಿಲ್ 2, ಬುಧವಾರ

ಯುದ್ಧ ಘೋಷಣೆ. ಫ್ರೀಜರಿನಲ್ಲಿರುವ ಅರವತ್ತು ಹಳೆಯ ಸೀರಂಗಳನ್ನು ಯಂತ್ರದಲ್ಲಿ ಹಾಕಿ, ನನ್ನ ವರದಿಗಳ ಜೊತೆ ಹೋಲಿಸಿ ಪಟ್ಟಿ ಮಾಡಬೇಕಂತೆ. ಸಾಹೇಬರ ಆಜ್ಞೆ. ತಟ್ಟೆಗೆ ಮರ್ಯಾದೆಯ ಬೀಳ್ಕೊಡುಗೆ ಎಂದು ಅವರ ಲೆಕ್ಕ. ನೋಡೋಣ ಯಾರು ಯಾರನ್ನು ಬೀಳ್ಕೊಡುತ್ತಾರೆ ಎಂದು. ಕೊಳವೆಗಳನ್ನು ನಾನೇ ಆರಿಸಿ ಕೊಟ್ಟೆ, ಯಾರೂ ಕೈಯಾಡಿಸಿದರು ಎನ್ನಬಾರದು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ನಮ್ಮನೆಯವರು, "ಅಮ್ಮನೋರು ಗೆಲ್ಲೋ ಹಾಗಿದೆ" ಎಂದು ನಕ್ಕರು.

ಏಪ್ರಿಲ್ 4, ಶುಕ್ರವಾರ

ಗೆದ್ದೆ!

ಅರವತ್ತರಲ್ಲಿ ಐವತ್ತೇಳು ಎರಡರಲ್ಲೂ ಒಂದೇ. ಮೂರು ಬೇರೆ. ಆ ಮೂರರಲ್ಲಿ ಎರಡು ಕೂದಲೆಳೆಯ ಅಂತರದವು, ಮೂರನೆಯದು 49. ಯಂತ್ರ ಅದಕ್ಕೆ ಸಂಖ್ಯೆಯನ್ನೇ ಕೊಟ್ಟಿಲ್ಲ, ಅಳತೆ ಮೀರಿದೆ ಎಂಬ ಗುರುತು ಹಾಕಿ ಕೂತಿದೆ. ಅಂದರೆ ಆ ರಕ್ತದಲ್ಲಿ ಅಳೆಯಲಾಗದಷ್ಟು ಪ್ರತಿಕಾಯ ಇದೆಯಂತೆ! ನನ್ನ ತಟ್ಟೆಯಲ್ಲಿ ಒಂದೆಳೆ ಗೆರೆಯೂ ಇಲ್ಲದ ರಕ್ತಕ್ಕೆ. ಗುಂಡಿ ಒತ್ತುವವಳ ಮುಂದೆಯೇ ಜೋರಾಗಿ ನಕ್ಕುಬಿಟ್ಟೆ. ಅವಳು ಮುಖ ಚಿಕ್ಕದು ಮಾಡಿಕೊಂಡು, "ಎರಡು ಸಲ ಹಾಕಿದೆ ಮೇಡಂ, ಎರಡು ಸಲಾನೂ ಹಾಗೇ ಬಂತು" ಎಂದಳು. ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳೆ, ಇವಳ ಯಂತ್ರ ನೆಲವನ್ನೇ ಅಳೆಯಲಾರದು. ನಾಳೆ ಬೆಳಿಗ್ಗೆ ಮೊದಲ ಕೆಲಸ, ಸಾಹೇಬರ ಮೇಜಿನ ಮೇಲೆ ಈ ಪಟ್ಟಿ.

ಏಪ್ರಿಲ್ 5, ಶನಿವಾರ

ಪಟ್ಟಿ ಇಟ್ಟೆ. ಜಗಳಕ್ಕೆ ಸೆರಗು ಕಟ್ಟಿಕೊಂಡೇ ಹೋಗಿದ್ದೆ. ಸಾಹೇಬರು 49ರ ಸಾಲನ್ನು ಓದಿದರು. ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು.

"ಈ ಕೇಸಲ್ಲಿ ನೀವು ಹೇಳೋದೇ ಸರಿ ಮೇಡಂ. ಯಂತ್ರ ಇನ್ನೂ ಹೊಸದು, ಹೊಂದಿಸಬೇಕಾಗುತ್ತೆ. ಈ ಸಾಲು ಪಟ್ಟಿಯಿಂದ ತೆಗೆದುಬಿಡಿ."

ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮನುಷ್ಯ ನನ್ನನ್ನು ಸರಿ ಎಂದದ್ದು. ಖುಷಿಯಾಗಬೇಕಿತ್ತು. ಪಟ್ಟಿ ಹಿಡಿದು ಬಾಗಿಲು ದಾಟಿದವಳು ಆ ಸಾಲನ್ನು ಮತ್ತೆ ಓದಿದೆ. ಯಂತ್ರವೇ ಸರ್ವಸ್ವ ಎನ್ನುವವರು ಇದೊಂದು ರಕ್ತಕ್ಕೆ ಮಾತ್ರ ಯಂತ್ರವನ್ನು ಬಿಟ್ಟುಕೊಟ್ಟದ್ದೇಕೆ? ಕ್ಷಯ ಎಂದು ತೀರ್ಮಾನಿಸಿ ಇಂಜೆಕ್ಷನ್ ಬರೆಸಿದವರು ಅವರು. ಬರೆಸಿದ್ದು ನನ್ನ ಸಹಿಯನ್ನು ನಂಬಿ.

ಏಪ್ರಿಲ್ 6, ಭಾನುವಾರ

ನಮ್ಮನೆಯವರನ್ನು ರಜಾದಿನ ಅಂಗಡಿಗೆ ಎಳೆದುಕೊಂಡು ಹೋದೆ. ಷಟರ್ ಎತ್ತಿಸಿ, ಕುರ್ಚಿಯಲ್ಲಿ ಕೂತು, ಕಣ್ಣು ನೋಡಿ ಎಂದೆ. ಮುಕ್ಕಾಲು ಗಂಟೆ ನೋಡಿದರು. ದೊಡ್ಡ ಅಕ್ಷರ, ಸಣ್ಣ ಅಕ್ಷರ, ಬೂದು ಹಾಳೆಯ ಮೇಲಿನ ಬೂದು ಗೆರೆಗಳು.

"ನಿನ್ನ ವಯಸ್ಸಿಗೆ ಇಂಥ ಕಣ್ಣು ನಾನು ಕಂಡಿಲ್ಲ. ಹಾಲಿ ಕನ್ನಡಕಾನೇ ಸಾಕು."

"ಸರಿಯಾಗಿ ನೋಡ್ರೀ."

"ಎಲ್ಲರೂ ಕಣ್ಣು ಚೆನ್ನಾಗಿದೆ ಅಂದ್ರೆ ಖುಷಿಪಡ್ತಾರೆ. ನಿನಗೆ ಕಣ್ಣು ಹೋಗಿರಬೇಕಿತ್ತಾ?"

ಹೌದು, ಹೋಗಿರಬೇಕಿತ್ತು. ಕಣ್ಣು ಮಂಜಾಗಿದ್ದರೆ ಅದು ವಯಸ್ಸಿನ ತಪ್ಪು. ಕಣ್ಣು ಸರಿಯಿದ್ದರೆ ತಪ್ಪು ಇನ್ನೆಲ್ಲೋ ಇದೆ. ಎಲ್ಲಿದೆ ಎಂದು ನನಗೆ ಗೊತ್ತು ಎಂಬುದನ್ನು ಇಲ್ಲಿ ಬರೆಯಲು ಪೆನ್ನು ಏಳುತ್ತಿಲ್ಲ.

ಏಪ್ರಿಲ್ 7, ಸೋಮವಾರ

ಬರೆಯುತ್ತೇನೆ. ಕೆಲಸ ಕಲಿಸಿದವರು ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದ ಪಾಠ ಅದು. ಪ್ರತಿಕಾಯ ಮಿತಿಮೀರಿ ಇದ್ದರೆ ನಡುದಾರಿಯಲ್ಲಿ ಗೆರೆ ನಿಲ್ಲುವುದಿಲ್ಲ, ಸಾರದ ತೂತಿನ ಅಂಚಿಗೇ ಹೋಗಿ ಅಡಗುತ್ತದೆ, ಒಮ್ಮೊಮ್ಮೆ ಕಾಣುವುದೇ ಇಲ್ಲ. ಅದಕ್ಕೇ ಎರಡನೇ ತೂತು. ಅದಕ್ಕೇ ತೆಳು ಮಾಡುವುದು. ಇಂಥವು ಅಪರೂಪ, ನೂರಕ್ಕೆ ಒಂದೋ ಎರಡೋ. ಆ ಅಪರೂಪಕ್ಕಾಗಿ ಇದ್ದ ತೂತನ್ನು ಬೆನ್ನು ತಟ್ಟಿಸಿಕೊಂಡು ಮುಚ್ಚಿದವಳು ನಾನು.

ಇವತ್ತು 49ಕ್ಕೆ ಒಂದಿಡೀ ತಟ್ಟೆ ಕೊಟ್ಟೆ. ಸೀರಂ ಹಾಗೆಯೇ ಒಂದು ತೂತಿಗೆ. ನಾಲ್ಕು ಪಾಲು, ಹದಿನಾರು ಪಾಲು, ಅರವತ್ತನಾಲ್ಕು ಪಾಲು ತೆಳು ಮಾಡಿ ಮೂರು ತೂತಿಗೆ. ಇನ್ನುಳಿದ ಎರಡಕ್ಕೆ ಗೊತ್ತಿರುವ ಸೀರಂ, ಒಂದು ಗೆರೆ ಬರುವಂಥದು, ಒಂದು ಬಾರದಂಥದು. ಯಂತ್ರದವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಚಹಾ ತಂದಿಟ್ಟಳು.

ಏಪ್ರಿಲ್ 9, ಬುಧವಾರ

ಹಾಗೆಯೇ ಹಾಕಿದ ತೂತು: ಗೆರೆ ಇಲ್ಲ.

ನಾಲ್ಕು ಪಾಲು: ಅಂಚಿಗೆ ಅಂಟಿಕೊಂಡ ಮಬ್ಬು.

ಹದಿನಾರು ಪಾಲು: ಗೆರೆ. ಎಷ್ಟು ದಪ್ಪ ಎಂದರೆ ಕಣ್ಣೇ ಬೇಡ, ಕೈಯಲ್ಲಿ ಹಿಡಿದರೆ ಸಾಕು.

ಅರವತ್ತನಾಲ್ಕು ಪಾಲು: ಗೆರೆ.

ಏಪ್ರಿಲ್ 10, ಗುರುವಾರ

ಸಾಹೇಬರ ಮೇಜಿನ ಮೇಲೆ ತಟ್ಟೆಯನ್ನೇ ಇಟ್ಟೆ. ದೀಪ ಹಚ್ಚಿ ತೋರಿಸಿದೆ. ಅವರಿಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಬುದ್ಧಿವಂತರು, ಅದನ್ನು ಅಲ್ಲಗಳೆಯಲಾರೆ.

"ಕೂತ್ಕೊಳ್ಳಿ ಮೇಡಂ. ಗಾಬರಿ ಆಗ್ಬೇಡಿ. ಈ ವಿಧಾನಾನೇ ತಿಂಗಳ ಕೊನೆಗೆ ನಿಲ್ತಿದೆ. ನೀವು ಮರ್ಯಾದೆಯಿಂದ ನಿವೃತ್ತಿ ಆಗೋಕೆ ಇನ್ನು ಎಂಟು ತಿಂಗಳಿದೆ. ಆಕೆಯ ಇಂಜೆಕ್ಷನ್ ಕೋರ್ಸು ಹೇಗೂ ಮೇ ಎರಡನೇ ವಾರ ಮುಗಿಯುತ್ತೆ. ಆಮೇಲೆ ಹೊಸ ರಕ್ತ ತಗೊಂಡು ಯಂತ್ರದಲ್ಲಿ ಹಾಕೋಣ. 'ಈಗ ಬೂಷ್ಟು ಕಂಡುಬಂದಿದೆ' ಅಂತ ಬರೆಯೋಣ. ಯಾರಿಗೂ ತೊಂದರೆ ಇಲ್ಲ."

"ಆಕೆ ಕಿವಿ, ಸಾರ್?"

"ಅದು ಗೊತ್ತಿರೋ ಅಡ್ಡಪರಿಣಾಮ. ಬೇಕಾದ್ರೆ ಬೂಷ್ಟಿನ ಮಾತ್ರೆ ಜೊತೆಗೇ ಶುರು ಮಾಡ್ಸೋಣ."

"ಕ್ಷಯದ ಮಾತ್ರೆ ಬೂಷ್ಟಿನ ಮಾತ್ರೆ ಶಕ್ತೀನ ತಿಂದುಹಾಕುತ್ತೆ ಅಂತ ವಾರ್ಡಿನ ಡಾಕ್ಟರಮ್ಮ ನನಗೆ ನಿನ್ನೇನೇ ಹೇಳಿದ್ರು, ಯಾರ ವಿಷಯ ಅಂತ ಹೇಳ್ದೆ ಕೇಳಿದ್ದೆ. ಒಂದನ್ನ ನಿಲ್ಸದೆ ಇನ್ನೊಂದು ಕೊಟ್ಟು ಉಪಯೋಗ ಇಲ್ಲ."

ಸಾಹೇಬರು ದೀಪ ಆರಿಸಿದರು. ಆಮೇಲೆ ಬಹಳ ಮೃದುವಾಗಿ, "ಇದು ನಿಮ್ಮ ತಪ್ಪು ಅಂತ ಹೊರಗೆ ಬಂದ್ರೆ ನನ್ನ ಕೈಲಿ ನಿಮ್ಮನ್ನ ಉಳಿಸೋಕಾಗಲ್ಲ" ಎಂದರು. ನನ್ನನ್ನು ಉಳಿಸುವ ನೆಪದಲ್ಲಿ ಯಾರನ್ನು ಉಳಿಸುತ್ತಿದ್ದಾರೆಂದು ಗೊತ್ತಾಗದಷ್ಟು ದಡ್ಡಿಯೇ ನಾನು? ಅಷ್ಟು ಚೆನ್ನಾಗಿ ತಿಪ್ಪೆ ಸಾರಿಸುವವರನ್ನು ನಾನು ನೋಡಿರಲಿಲ್ಲ.

ಆದರೆ ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅವರು "ನಿಮ್ಮ ತಪ್ಪು" ಎಂದಾಗ ನನ್ನ ನಾಲಗೆಯ ತುದಿಗೆ ಮೊದಲು ಬಂದ ಮಾತು ಕಂಡಕ್ಟರಮ್ಮನದಲ್ಲ. ಎಂಟು ತಿಂಗಳು, ಸರಿ ಸಾರ್ ಎಂಬುದು. ಬಂದಿತ್ತು. ನುಂಗಿದೆ.

ಮನೆಗೆ ಬಂದು ನಮ್ಮನೆಯವರಿಗೆ ಎಲ್ಲ ಹೇಳಿದೆ, ಎರಡನೇ ತೂತಿನ ಸಮೇತ. ಆರು ವರ್ಷದಲ್ಲಿ ಅವರಿಗೆ ಹೇಳಿರಲಿಲ್ಲ, ಹೇಳುವಂಥದ್ದು ಎಂದು ಅನ್ನಿಸಿರಲೂ ಇಲ್ಲ. ಅವರು ತಮಾಷೆ ಮಾಡಲಿಲ್ಲ. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಜೀವಮಾನವೆಲ್ಲ ಜಗಳ ಆಡಿದೋಳು ನೀನು. ನಾಲ್ಕು ಅಂತ ಹೇಳೋಕೂ ಅಷ್ಟೇ ಜೋರಾಗಿ ಜಗಳ ಆಡು" ಎಂದರು.

ಏಪ್ರಿಲ್ 11, ಶುಕ್ರವಾರ

ಆಡಿದೆ.

ವರದಿಯ ಕಾಗದ ತೆಗೆದುಕೊಂಡು ಬರೆದೆ: "ಮಾರ್ಚ್ 5ರ ವರದಿ ತಪ್ಪು. ಸೀರಂ ತೆಳು ಮಾಡದೆ ಪರೀಕ್ಷಿಸಿದ್ದರಿಂದ ಗೆರೆ ಕಾಣಲಿಲ್ಲ. ತೆಳು ಮಾಡಿದಾಗ ಸ್ಪಷ್ಟ ಗೆರೆ ಇದೆ. ಬೂಷ್ಟಿನ ವಿರುದ್ಧ ಪ್ರತಿಕಾಯ ಬಹಳ ಹೆಚ್ಚು. ತಪ್ಪು ನನ್ನದು." ಕೆಳಗೆ ಸಹಿ. ಸಾಹೇಬರ ಸಹಿಯ ಜಾಗ ಖಾಲಿ. ಅವರು ಪೆನ್ನು ಮುಟ್ಟಲಿಲ್ಲ. "ಇದು ನನ್ನ ಅನುಮತಿಯಿಲ್ಲದೆ ಹೋಗುತ್ತಿದೆ ಎಂದು ತಿಳಿದಿರಲಿ" ಎಂದರು. ತಿಳಿದಿದೆ ಸಾರ್ ಎಂದೆ.

ಒಂದೇ ಸಹಿಯ ಕಾಗದ ವಾರ್ಡಿನಲ್ಲಿ ನಿಲ್ಲುತ್ತದೆಯೋ ಇಲ್ಲವೋ ಎಂದು ಯೋಚಿಸುತ್ತ ಕೆಳಗೆ ಬಂದೆ. ಯಂತ್ರದವಳು, ಇನ್ನು ಮೇಲೆ ತಂಗಿ ಎಂದೇ ಬರೆಯುತ್ತೇನೆ, ಕುರ್ಚಿಯಿಂದ ಎದ್ದಳು. "ಕೊಡಿ ಮೇಡಂ" ಎಂದು ಕಾಗದ ತೆಗೆದುಕೊಂಡು, ಯಂತ್ರದ ಫಲಿತಾಂಶವನ್ನು ಅಡಿಯಲ್ಲಿ ಬರೆದು, ತನ್ನ ಸಹಿ ಹಾಕಿದಳು. ಅವಳು ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿಲ್ಲ, ಕಾಯಂ ಕೂಡ ಆಗಿಲ್ಲ.

"ಬೇಡ ಕಣಮ್ಮ, ನಿನಗ್ಯಾಕೆ?"

"ಎರಡು ಸಲ ಹಾಕಿದ್ದೆ ಮೇಡಂ. ನೀವು ನಕ್ಕಾಗ ಸುಮ್ಮನಾಗಿಬಿಟ್ಟೆ. ಅವತ್ತೇ ಜಗಳ ಆಡಿದ್ರೆ ಆಕೆಗೆ ಒಂದು ವಾರದ ಇಂಜೆಕ್ಷನ್ ತಪ್ತಿತ್ತು."

ವಾರ್ಡಿನ ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ಕಾಗದವನ್ನು ಎರಡು ಸಲ ಓದಿದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಇವತ್ತಿನ ಇಂಜೆಕ್ಷನ್ ಇನ್ನೂ ಕೊಟ್ಟಿರಲಿಲ್ಲ, ನರ್ಸನ್ನು ಕರೆದು ತಟ್ಟೆಯಿಂದ ಸಿರಿಂಜ್ ವಾಪಸ್ ತೆಗೆಸಿದರು. ಕ್ಷಯದ ಮಾತ್ರೆಯನ್ನೂ ನಿಲ್ಲಿಸಿ ಬೂಷ್ಟಿನ ಮಾತ್ರೆಗೆ ಚೀಟಿ ಬರೆದರು. ಕನಿಷ್ಠ ಆರು ತಿಂಗಳು ಬೇಕಂತೆ. ಕಿವಿಯ ಬಗ್ಗೆ ಕೇಳಿದೆ. "ಗುಯ್‌ಗುಟ್ಟೋದು ಕಡಿಮೆ ಆಗ್ಬಹುದು. ಹೋಗಿರೋದು ಬರೋದು ಕಷ್ಟ. ಆಕೆಗೆ ವಿಷಯ ನಾನು ಹೇಳ್ಲಾ?" ಎಂದರು.

ಬೇಡ, ನಾನೇ ಹೇಳುತ್ತೇನೆ ಎಂದೆ. ಆದರೆ ಇವತ್ತು ಆಗಲಿಲ್ಲ. ವಾರ್ಡಿನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ಏಪ್ರಿಲ್ 12, ಶನಿವಾರ

ಕಾರಣ ಕೇಳುವ ನೋಟಿಸ್ ಬಂತು. ಏಳು ದಿನದೊಳಗೆ ಉತ್ತರ ಕೊಡಬೇಕು. ಒಂದೇ ಸಾಲಿನ ಉತ್ತರ ಹತ್ತು ನಿಮಿಷದಲ್ಲಿ ಕೊಟ್ಟೆ: "ಕಾರಣ ಮಾರ್ಚ್ 5ರ ವರದಿಯಲ್ಲಿಯೇ ಇದೆ."

ತಂಗಿಯೂ ನಾನೂ ರಿಜಿಸ್ಟರ್ ತೆಗೆದು ಕೂತೆವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವಳ ಹಾಗೆ ಒಂದೊಂದು ಪುಟವನ್ನೂ ತಿರುವಿದೆ. ಆರು ವರ್ಷ. ಎಲ್ಲ ಪುಟದಲ್ಲೂ ನನ್ನ ಅಕ್ಷರ, ಗೆರೆ ಇಲ್ಲ, ಗೆರೆ ಇಲ್ಲ, ಗೆರೆ ಇಲ್ಲ. ಫ್ರೀಜರಿನಲ್ಲಿ ಸೀರಂ ಉಳಿದಿರುವುದು ಕೊನೆಯ ಎರಡು ವರ್ಷದ್ದು ಮಾತ್ರ, ನಾನೂರ ಹನ್ನೆರಡು ಕೊಳವೆ. ಅದಕ್ಕೂ ಹಿಂದಿನವರನ್ನು ವಿಳಾಸ ಹಿಡಿದು ಹುಡುಕಬೇಕು. ಇದ್ದರೆ.

ನಾನೂರ ಹನ್ನೆರಡಕ್ಕೆ ತಟ್ಟೆ ಮಾಡುತ್ತ ಕೂತರೆ ತಿಂಗಳುಗಳು ಬೇಕು. ಯಂತ್ರ ಒಂದು ಸಲಕ್ಕೆ ಎಂಬತ್ತು ಮಾಡುತ್ತದೆ. ಗುಂಡಿ ಯಾವುದು ಮೊದಲು ಒತ್ತಬೇಕು ಎಂದು ತಂಗಿ ತೋರಿಸಿಕೊಟ್ಟಳು. ಅಷ್ಟು ಸುಲಭವೇನಲ್ಲ ಅದು. ನಾಲ್ಕು ಸಲ ತಪ್ಪಿದೆ.

ಏಪ್ರಿಲ್ 14, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಹೆಂಗಸರ ವಾರ್ಡಿಗೆ ಹೋದೆ. ಇಪ್ಪತ್ತು ಹಾಸಿಗೆ, ಎಲ್ಲ ಭರ್ತಿ. ತಿಂಡಿಯ ತಟ್ಟೆಗಳನ್ನು ಆಯಾ ಎತ್ತಿಕೊಂಡು ಹೋಗುತ್ತಿದ್ದಳು. ಕಂಡಕ್ಟರಮ್ಮ ಏಳನೇ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮೂರು ದಿನದಿಂದ ಇಂಜೆಕ್ಷನ್ ಇಲ್ಲವೆಂದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಈ ವಾರ್ಡಿನೊಳಗೆ ನಾನು ಕಾಲಿಟ್ಟದ್ದು ಇದೇ ಮೊದಲು.

ಹಾಸಿಗೆಯ ಪಕ್ಕ ನಿಂತು, ಬಗ್ಗಿ, ಮೆಲ್ಲಗೆ ಹೇಳಿದೆ. "ನಿಮಗೆ ಟಿಬಿ ಇಲ್ಲ ಕಣಮ್ಮ. ಬೂಷ್ಟೇ ಇರೋದು. ನಾನು ತಪ್ಪು ಬರೆದಿದ್ದೆ."

ಅವಳು ನನ್ನನ್ನೇ ನೋಡಿದಳು. ಕೆಮ್ಮು ಬಂತು, ಬಾಯಿಗೆ ಬಟ್ಟೆ ಹಿಡಿದಳು, ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಈ ಕಿವಿ ಕೇಳ್ಸಲ್ಲ. ಜೋರಾಗಿ ಹೇಳಿ."

ಇನ್ನೊಂದು ಬದಿಗೆ ಬಂದು, ಬಲಗಿವಿಗೆ ಹೇಳಿದೆ.

"ಇನ್ನೂ ಜೋರಾಗಿ."

ಬಲಗಿವಿ ಚೆನ್ನಾಗಿದೆ ಎಂದು ವಾರ್ಡಿನ ಕಾಗದದಲ್ಲಿ ನಾನೇ ಓದಿದ್ದೆ. ಅವಳಿಗೆ ಮೊದಲ ಸಲವೇ ಕೇಳಿಸಿತ್ತು. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನನ್ನ ಹೆಸರಿಗೆ ನಾನೇ ಮಸಿ ಬಳಿದುಕೊಂಡು ನೋಟಿಸ್ ತೆಗೆದುಕೊಂಡು ಬಂದಿದ್ದೇನೆ, ಇನ್ನೇನು ಬೇಕು ಇವಳಿಗೆ ಎನ್ನಿಸಿತು. ಆಮೇಲೆ ಅವಳ ಎಡಗಿವಿಯನ್ನು ನೋಡಿದೆ. ಹತ್ತಿಯ ತುಂಡೊಂದನ್ನು ತುರುಕಿಕೊಂಡಿದ್ದಳು, ಒಳಗಿನ ಸದ್ದನ್ನು ಹೊರಗಿನಿಂದ ತಡೆಯಬಹುದು ಎಂಬಂತೆ.

ನೆಟ್ಟಗೆ ನಿಂತೆ. ಇಪ್ಪತ್ತು ಹಾಸಿಗೆಗೂ ಕೇಳುವಂತೆ ಕೂಗಿ ಹೇಳಿದೆ. "ಈ ಅಮ್ಮನಿಗೆ ಟಿಬಿ ಇಲ್ಲ! ಯಾವತ್ತೋ ವಾಸಿ ಆಗಿದೆ! ಈಗಿರೋದು ಬೂಷ್ಟು! ರಕ್ತ ನೋಡಿ ಇಲ್ಲ ಅಂತ ಬರೆದೋಳು ನಾನು! ಮತ್ತೆ ನೋಡಿ ಅಂತ ಆಕೆ ಕೇಳಿದ್ರು, ನಾನು ನೋಡ್ಲಿಲ್ಲ! ತಪ್ಪು ನನ್ನದು! ಆಕೆ ಕಿವಿ ಹೋಗಿದ್ದು ನನ್ನಿಂದ!"

ಕೊನೆಯ ಮಾತನ್ನು ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ. ಬಾಗಿಲಲ್ಲಿ ನರ್ಸ್ ನಿಂತುಬಿಟ್ಟಳು. ಆಯಾಳ ಕೈಯ ತಟ್ಟೆಗಳ ಸದ್ದು ನಿಂತಿತು. ಮಾಸ್ಕ್ ಮೂಗಿನಿಂದ ಜಾರಿತ್ತು, ಸರಿಮಾಡಿಕೊಂಡೆ.

ಕಂಡಕ್ಟರಮ್ಮ ತಲೆಯಾಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ, ಪರವಾಗಿಲ್ಲ ಬಿಡಿ ಎನ್ನಲಿಲ್ಲ. "ಈಗ ಕೇಳಿಸ್ತು" ಎಂದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

ಹೊರಡಲು ತಿರುಗಿದೆ. ಹನ್ನೊಂದನೇ ಹಾಸಿಗೆಯಲ್ಲಿದ್ದ ಅಜ್ಜಿಯೊಬ್ಬರು ಕಂಬಿ ಹಿಡಿದು ಎದ್ದು ಕೂತಿದ್ದರು.

"ಏನಮ್ಮಾ, ಜನವರೀಲಿ ನನ್ನ ರಕ್ತಾನೂ ತಗೊಂಡು ಹೋಗಿದ್ರು. ಅದನ್ನೂ ನೀವೇ ನೋಡಿದ್ದಾ?"

"ಹೌದಮ್ಮ, ನಾನೇ."

"ನನಗೂ ಇಲ್ಲ ಅಂತ ಬರೆದ್ರಾ?"

"ಬರೆದೆ."

ಕೋಟಿನ ಜೇಬಿನಿಂದ ಪೆನ್ನು ತೆಗೆದು, ಅವರ ಹೆಸರನ್ನೂ ರಕ್ತ ಕೊಟ್ಟ ದಿನವನ್ನೂ ಕೇಳಿ ಬರೆದುಕೊಂಡೆ. ಆಮೇಲೆ ಹನ್ನೆರಡನೇ ಹಾಸಿಗೆಗೆ ಹೋದೆ.